ಒಂದೇ ಜೀನನ್ನು ನಂಬಿ ತಳಿ ಬಿಡುಗಡೆ ಮಾಡಬೇಡ

ಪ್ರೀತಿಯ ಮಗಳೇ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಗೋಧಿಯ ತುಕ್ಕು ರೋಗದ ಮೇಲೆ ಸಂಶೋಧನೆ ಮಾಡಲು ಸೇರಿಕೊಂಡೆ ಎಂದು ಓದಿ ಮನಸ್ಸು ತುಂಬಿ ಬಂತು. ತುಕ್ಕು ಹತ್ತದ ಗಿಡವೊಂದು ಸಿಕ್ಕಿದೆ, ಅದರ ರೋಗ ತಡೆಯುವ ಜೀನ್ ಹಿಡಿದೇ ತಳಿ ಮಾಡುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಸಾಲಿಗಾಗಿಯೇ ಈ ಪತ್ರ.

ಆ ಗಿಡದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡು. ಸೂಜಿಮೊನೆಯಷ್ಟು ಸಣ್ಣ ಒಣ ಚುಕ್ಕೆಗಳು ಕಂಡರೆ, ಬೆರಳಿನಿಂದ ಉಜ್ಜಿದಾಗ ತುಕ್ಕಿನ ಪುಡಿ ಅಂಟದಿದ್ದರೆ, ಅಲ್ಲಿ ನಡೆದಿರುವುದು ಇಷ್ಟು: ಜೀವಕೋಶದೊಳಗಿನ ಒಂದು ಪ್ರೋಟೀನ್ ತುಕ್ಕು ತರುವ ಶಿಲೀಂಧ್ರದ ಒಂದು ಪ್ರೋಟೀನನ್ನು ಗುರುತಿಸಿದೆ, ಆ ಕೋಶ ತಾನೇ ಸತ್ತಿದೆ. ಜೀವಂತ ಕೋಶವನ್ನೇ ಉಂಡು ಬದುಕುವ ತುಕ್ಕಿಗೆ ಅಲ್ಲಿಂದ ಮುಂದೆ ಆಹಾರವಿಲ್ಲ. ಸಸ್ಯದ ಇಂಥ ಒಂದೊಂದು ಜೀನಿಗೂ ರೋಗಾಣುವಿನಲ್ಲಿ ಜೋಡಿ ಜೀನ್ ಒಂದಿರುತ್ತದೆ ಎಂಬುದನ್ನು ಅಗಸೆಯ ತುಕ್ಕಿನಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಹೆರಾಲ್ಡ್ ಫ್ಲೋರ್, 1940ರ ದಶಕದಲ್ಲಿ.

ಆಪತ್ತು ಇರುವುದೂ ಅಲ್ಲೇ. ಕಳ್ಳನನ್ನು ಅಂಗಿಯಿಂದ ಗುರುತಿಸುವ ಕಾವಲುಗಾರನಿದ್ದರೆ ಕಳ್ಳ ಅಂಗಿ ಬದಲಿಸಿದರೆ ಸಾಕು. ಶಿಲೀಂಧ್ರ ಆ ಒಂದು ಪ್ರೋಟೀನನ್ನು ಬದಲಿಸಿಕೊಂಡಿತೋ, ತಳಿಗೆ ತಳಿಯೇ ಒಮ್ಮೆಲೇ ಬೀಳುತ್ತದೆ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್31 ಎಂಬ ಜೀನ್ ದಶಕಗಳ ಕಾಲ ಕಾಂಡದ ತುಕ್ಕನ್ನು ತಡೆದು ಎಷ್ಟೋ ದೇಶಗಳ ತಳಿಗಳಿಗೆ ಸೇರಿಹೋಗಿತ್ತು. 1998ರಲ್ಲಿ ಉಗಾಂಡದಲ್ಲಿ ಕಂಡ ತುಕ್ಕಿಗೆ ಅದು ಸೋತಿತು. ಉಗ್99 ಎಂದು ಈಗ ನೀವೆಲ್ಲ ಕರೆಯುವುದು ಅದನ್ನೇ.

ಇನ್ನು ಸಸಿಯಲ್ಲೇ ತುಕ್ಕು ಹಿಡಿಯಿತೆಂದು ನಿನ್ನ ತಾಕಿನಲ್ಲಿ ನೀನು ಕಿತ್ತೆಸೆಯಲು ಹೊರಟಿರುವ ಗಿಡಗಳ ಮಾತು. ಎಲ್‌ಆರ್34 ಎಂಬ ಜೀನ್ ಇರುವ ಗೋಧಿ ಸಸಿಯಾಗಿದ್ದಾಗ ತುಕ್ಕು ಹಿಡಿಸಿಕೊಳ್ಳುತ್ತದೆ. ಬೆಳೆದ ಮೇಲೆ ತೆನೆಯ ಕೆಳಗಿನ ಕೊನೆಯ ಎಲೆಯಲ್ಲಿ ತುಕ್ಕಿನ ಗುಳ್ಳೆಗಳು ತಡವಾಗಿ ಏಳುತ್ತವೆ, ಚಿಕ್ಕದಾಗಿಯೇ ಉಳಿಯುತ್ತವೆ, ಸಂಖ್ಯೆಯೂ ಕಡಿಮೆ. ಎಲೆಯ ತುದಿ ಒಣಗಿರುತ್ತದೆ. ಅದನ್ನು ನೋಡಿ ನೀರಿನ ಕೊರತೆ ಎಂದುಕೊಳ್ಳುವವರೇ ಹೆಚ್ಚು, ಆದರೆ ಅದು ಈ ಜೀನ್ ಕೊಡುವ ಗುರುತು. ಎಲೆ ತುಕ್ಕು, ಹಳದಿ ತುಕ್ಕು, ಬೂದಿ ರೋಗ, ಮೂರಕ್ಕೂ ಇದು ಅಡ್ಡ ನಿಲ್ಲುತ್ತದೆ. 2009ರಲ್ಲಿ ಇದನ್ನು ಬೇರ್ಪಡಿಸಿದಾಗ ತಿಳಿದದ್ದು, ಇದು ರೋಗಾಣುವನ್ನು ಗುರುತಿಸುವ ಜೀನೇ ಅಲ್ಲ, ಪೊರೆಯ ಮೂಲಕ ವಸ್ತುಗಳನ್ನು ಸಾಗಿಸುವ ಪ್ರೋಟೀನಿನದು. ದಶಕಗಳಿಂದ ಸೋಲದೆ ನಿಂತಿರುವುದಕ್ಕೆ ಅದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ರೋಗ ಜೋರಾದ ವರ್ಷ ಇದೊಂದೇ ಸಾಲದು, ನಿಜ. ಇಂಥ ನಾಲ್ಕೈದು ಜೀನ್‌ಗಳು ಒಂದು ಗಿಡದಲ್ಲಿ ಕೂಡಿದರೆ ಎಲೆ ಹೆಚ್ಚುಕಡಿಮೆ ನಿರ್ಮಲವಾಗಿಯೇ ಇರುತ್ತದೆ.

ಬಾರ್ಲಿಯ ಎಂಎಲ್‌ಒ ಎಂಬ ಜೀನ್ ಇನ್ನೂ ವಿಚಿತ್ರ. ಅಲ್ಲಿ ಸಸ್ಯದ ಆ ಜೀನ್ ಕೆಟ್ಟುಹೋಗಿರುವುದರಿಂದಲೇ ಬೂದಿ ರೋಗ ಒಳಹೊಗಲಾರದು.

ನಿನಗೆ ಸಿಕ್ಕಿರುವ ಜೀನನ್ನು ಬಿಟ್ಟುಬಿಡು ಎಂದು ಹೇಳುತ್ತಿಲ್ಲ, ಅದನ್ನು ಒಂಟಿಯಾಗಿ ಹೊಲಕ್ಕೆ ಕಳಿಸಬೇಡ. ಸುಧಾರಿತ ಸಾಂಬಾ ಮಹಸೂರಿ ಭತ್ತದಲ್ಲಿ ದುಂಡಾಣು ಅಂಗಮಾರಿ ರೋಗವನ್ನು ತಡೆಯಲು ಮೂರು ಜೀನ್‌ಗಳನ್ನು ಒಟ್ಟಿಗೆ ಕೂಡಿಸಿದ್ದಾರೆ. ಪ್ರಬಲ ಜೀನ್ ಒಂದಿದ್ದರೂ ಎರಡಿದ್ದರೂ ಗಿಡ ಕಣ್ಣಿಗೆ ಒಂದೇ ತೆರನಾಗಿ ಕಾಣುವುದರಿಂದ, ಒಳಗೆ ಯಾವ ಜೀನ್ ಇದೆ ಎಂದು ತೋರಿಸುವ ಡಿಎನ್‌ಎ ಗುರುತುಗಳಿಲ್ಲದೆ ಇಂಥ ಕೆಲಸ ಕಷ್ಟ. ಅವುಗಳನ್ನು ಚೆನ್ನಾಗಿ ಕಲಿತುಕೋ. ಆದರೆ ನಿಧಾನವಾಗಿ ತುಕ್ಕು ಹಿಡಿಯುವ ಗಿಡವನ್ನು ಆರಿಸುವಾಗ ಹೊಲಕ್ಕೆ ಒಂದೇ ಸಲ ಹೋಗಿ ಬಂದರೆ ಆಗದು. ವಾರವಾರವೂ ಅದೇ ಎಲೆಯ ಮುಂದೆ ನಿಂತು ತುಕ್ಕು ಎಷ್ಟು ಹರಡಿದೆ ಎಂದು ಬರೆದಿಡಬೇಕು. ಈ ಕೆಲಸವನ್ನು ಬೇರೆಯವರಿಗೆ ವಹಿಸಬೇಡ ಮಗಳೇ.

ಸಂಕರಕ್ಕೆ ಆರಿಸಿದ ತಳಿಗಳ ಪಟ್ಟಿಯನ್ನು ಮುಂದಿನ ಪತ್ರದಲ್ಲಿ ಕಳಿಸು. ಸಸಿಯ ಪರೀಕ್ಷೆಯಲ್ಲಿ ಸೋತವುಗಳ ಬೀಜವನ್ನು ಅಲ್ಲಿಯವರೆಗೆ ಎಸೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ