ವೆಂಗರ್ 2006ರಲ್ಲೇ ಹೋಗಬೇಕಿತ್ತು ಅಂದೆಯಲ್ಲ, ಅದಕ್ಕೆ ಈ ಪತ್ರ

ಮಂಜಾ,

ಫೋನಿನಲ್ಲಿ ನಿನ್ನ ಜೊತೆ ವಾದ ಮಾಡಿ ಗೆದ್ದವರಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ನೀನು ಇನ್ನೊಂದು ಮ್ಯಾಚ್‌ಗೆ ಹೋಗಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈ.

ನೀನು ಹೇಳಿದ್ದು ಇಷ್ಟು. 2006ರಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್ ಮುಗಿದ ಮಾರನೇ ದಿನವೇ ಮ್ಯಾನೇಜರ್ ಆರ್ಸೆನ್ ವೆಂಗರ್ ರಾಜೀನಾಮೆ ಕೊಟ್ಟಿದ್ದರೆ ಲಂಡನ್ನಿನ ಫುಟ್ಬಾಲ್ ಕ್ಲಬ್ ಆರ್ಸೆನಲ್ ಪಾಲಿಗೆ ದೇವರಾಗಿ ಉಳಿಯುತ್ತಿದ್ದರು, ಆಮೇಲಿನ 12 ವರ್ಷ ಕುರ್ಚಿ ಬಿಡದೆ ಕೂತು ಹೆಸರು ಕೆಡಿಸಿಕೊಂಡರು. ಇದನ್ನು ನೀನೊಬ್ಬನೇ ಹೇಳುತ್ತಿಲ್ಲ ಬಿಡು, ಲಂಡನ್ನಿನಲ್ಲಿ ಅದೇ ಕ್ಲಬ್ಬಿನ ಪಕ್ಕದ ಬೀದಿಯಲ್ಲಿ ಹುಟ್ಟಿದವರೂ ಹೇಳುತ್ತಾರೆ. ಆದರೆ ನನ್ನ ಲೆಕ್ಕದಲ್ಲಿ ಇದು ತಲೆಕೆಳಗು. 2006ರಿಂದ ಮುಂದಿನ ಏಳು ವರ್ಷವೇ ಅವರು ಮಾಡಿದ ಅತಿ ಕಷ್ಟದ ಕೆಲಸ. ಕೆಟ್ಟಿದ್ದು ಅದರ ನಂತರ, ಕೈಯಲ್ಲಿ ದುಡ್ಡು ಬಂದ ಮೇಲೆ.

ಮೊದಲ ಹತ್ತು ವರ್ಷದ ಬಗ್ಗೆ ನಮ್ಮಿಬ್ಬರಲ್ಲಿ ಜಗಳವೇ ಇಲ್ಲ. 1996ರಲ್ಲಿ ಜಪಾನಿನ ನಗೋಯಾದಿಂದ ಬಂದಾಗ ಯಾರಪ್ಪ ಈ ಆರ್ಸೆನ್ ಅಂತ ಲಂಡನ್ ಪತ್ರಿಕೆ ಕೇಳಿತ್ತು. ಎರಡನೇ ಸೀಸನ್ನಿಗೇ ಇಂಗ್ಲೆಂಡಿನ ಲೀಗ್ ಮತ್ತು ನಾಕೌಟ್ ಟೂರ್ನಿ ಎಫ್‌ಎ ಕಪ್ ಎರಡೂ ಬಂತು, 2002ರಲ್ಲಿ ಮತ್ತೊಮ್ಮೆ. 2003-04ರಲ್ಲಿ 38 ಪಂದ್ಯ, 26 ಗೆಲುವು, 12 ಡ್ರಾ, ಸೋಲು ಸೊನ್ನೆ. ಬಿಯರ್ ಕುಡಿದು ಚಾಕೊಲೇಟ್ ತಿಂದುಕೊಂಡಿದ್ದ ಇಂಗ್ಲಿಷ್ ಆಟಗಾರರಿಗೆ ಬೇಯಿಸಿದ ಕೋಳಿ, ತರಕಾರಿ ಕೊಟ್ಟು ಮೂವತ್ತು ದಾಟಿದವರನ್ನೂ ಓಡಿಸಿದ್ದು ನಿನಗೆ ಗೊತ್ತು. ನನಗೆ ಇದೆಲ್ಲಕ್ಕಿಂತ ಇಷ್ಟವಾಗೋದು ಆನೆಲ್ಕಾ ವ್ಯವಹಾರ. 5 ಲಕ್ಷ ಪೌಂಡಿಗೆ ಪ್ಯಾರಿಸ್ಸಿನಿಂದ ಹುಡುಗನನ್ನು ತಂದರು. ಎರಡೂವರೆ ವರ್ಷದಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 2 ಕೋಟಿ 20 ಲಕ್ಷ ಪೌಂಡಿಗೂ ಜಾಸ್ತಿಗೆ ಮಾರಿದರು. ಆ ದುಡ್ಡಿನಲ್ಲಿ ಹೊಸ ತರಬೇತಿ ಮೈದಾನ ಆಯಿತು, ಅವನ ಜಾಗಕ್ಕೆ ಆನ್ರಿ ಬಂದ. ಮ್ಯಾನೇಜರ್ ಅನ್ನೋದಕ್ಕಿಂತ ಸಂಸಾರ ನಡೆಸೋ ಯಜಮಾನ ಅನ್ನಬೇಕು.

ಈಗ ಅಸಲಿ ವಿಷಯಕ್ಕೆ ಬರೋಣ. ಆರ್ಸೆನಲ್‌ನ ಹಳೇ ಸ್ಟೇಡಿಯಂ ಹೈಬರಿಯಲ್ಲಿ ಹಿಡಿಸುತ್ತಿದ್ದದ್ದು 38 ಸಾವಿರ ಜನ. 2006ರ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಅದರ ಎರಡರಷ್ಟು ಸೀಟು. ಪ್ರತಿ ಪಂದ್ಯಕ್ಕೂ ಟಿಕೆಟ್ ದುಡ್ಡಿನಲ್ಲೇ ಹಿಂದೆ ಬೀಳುತ್ತಿದ್ದ ಕ್ಲಬ್, ಅದಕ್ಕೆ ಹೊಸ ಸ್ಟೇಡಿಯಂಗೆ ಕೈ ಹಾಕಿದರು. 60 ಸಾವಿರ ಸೀಟು, 39 ಕೋಟಿ ಪೌಂಡ್ ಖರ್ಚು. ಹೈಬರಿಯನ್ನು ಅಪಾರ್ಟ್‌ಮೆಂಟ್ ಮಾಡಿ ಮಾರಿದರು. ಸಾಲ ಕೊಟ್ಟ ಬ್ಯಾಂಕಿನವರು ನೀವು ಐದು ವರ್ಷ ಇಲ್ಲೇ ಇರ್ತೀರಿ ಅಂತ ಸಹಿ ಹಾಕಿ ಎಂದು ಕೇಳಿದ್ದರಂತೆ, ವೆಂಗರ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಂದರೆ ನೀನು ರಾಜೀನಾಮೆ ಕೊಡಬೇಕಿತ್ತು ಅನ್ನೋ ಹೊತ್ತಿಗೆ ಆ ಮನುಷ್ಯ ಸಾಲದ ಜಾಮೀನಿನ ಹಾಗೆ ನಿಂತಿದ್ದರು.

ಇನ್ನೊಂದು ಗ್ರಹಚಾರ ನೋಡು. ಸ್ಟೇಡಿಯಂ ಪ್ಲಾನ್ ಮಾಡುವಾಗ ಫುಟ್ಬಾಲ್ ಕ್ಲಬ್ ಅಂದರೆ ತಾನು ದುಡಿದದ್ದನ್ನು ತಾನು ಖರ್ಚು ಮಾಡಬೇಕು ಅನ್ನೋ ಕಾಲ. 2003ರಲ್ಲಿ ರಷ್ಯಾದ ಕೋಟ್ಯಧಿಪತಿ ಅಬ್ರಮೊವಿಚ್ ಚೆಲ್ಸಿ ಕ್ಲಬ್ ಕೊಂಡ. 2008ರಲ್ಲಿ ಅಬುಧಾಬಿಯವರು ಮ್ಯಾಂಚೆಸ್ಟರ್ ಸಿಟಿ ಕೊಂಡರು. ಇವರು ಕಂತು ಕಟ್ಟುತ್ತಾ ಕೂತಾಗ ಪಕ್ಕದವರಿಗೆ ಲಾಟರಿ ಹೊಡೆಯಿತು. ಆ ಪರಿಸ್ಥಿತಿಯಲ್ಲಿ ಸಾಲ ಮಾಡಿ ಆಟಗಾರರನ್ನು ಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಲೀಡ್ಸ್ ಇತ್ತಲ್ಲ, 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, 2004ರಲ್ಲಿ ಕೆಳಗಿನ ಡಿವಿಷನ್. ಮೂರೇ ವರ್ಷ.

ಫ್ಯಾಬ್ರೆಗಾಸ್, ಫ್ಲಾಮಿನಿ, ಹ್ಲೆಬ್, ರೋಸಿಟ್ಸ್ಕಿ, ಅಡೆಬಯೋರ್ ಇದ್ದ 2007-08ರ ತಂಡವನ್ನು ನೀನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಆನ್ರಿಯನ್ನು ಬಾರ್ಸಿಲೋನಾಗೆ ಕಳಿಸಿದ ವರ್ಷ ಅದು, ಎಲ್ಲರೂ ಮುಗೀತು ಕಥೆ ಅಂದಿದ್ದರು. ಫೆಬ್ರವರಿಯಲ್ಲಿ ಆ ಹುಡುಗರು ಲೀಗಿನ ಮೊದಲ ಸ್ಥಾನದಲ್ಲಿದ್ದರು. ಬರ್ಮಿಂಗ್‌ಹ್ಯಾಮ್ ಪಂದ್ಯ ನೆನಪಿದೆಯಾ? ಶುರುವಾಗಿ ಕೆಲವೇ ನಿಮಿಷ, ಎಡುವಾರ್ಡೊ ಕಾಲು ಮುರಿಯಿತು, ಟೀವಿಯವರು ರಿಪ್ಲೇ ತೋರಿಸೋಕೂ ಹಿಂಜರಿದರು. ಆದರೂ ವಾಲ್ಕಟ್ ಎರಡು ಗೋಲು ಹೊಡೆದ, 2-1 ಮುಂದೆ. ಇನ್ನೇನು ಸೀಟಿ ಊದಬೇಕು, ಆಗ ನಮ್ಮ ಬಾಕ್ಸ್ ಒಳಗೆ ಕ್ಲಿಶಿ ಚೆಂಡು ಬಿಟ್ಟುಕೊಟ್ಟ, ಎದುರಿನವನನ್ನು ಬೀಳಿಸಿದ, ಪೆನಾಲ್ಟಿ, 2-2. ಕ್ಯಾಪ್ಟನ್ ಗಲ್ಲಾಸ್ ಇನ್ನೊಂದು ತುದಿಗೆ ನಡೆದುಹೋಗಿ ಹುಲ್ಲಿನ ಮೇಲೆ ಕೂತುಬಿಟ್ಟ. ಪಂದ್ಯ ಮುಗಿದ ಮೇಲೂ ಏಳಲಿಲ್ಲ. ವೆಂಗರ್ ಹೋಗಿ ಎಬ್ಬಿಸಬೇಕಾಯಿತು. ಅಲ್ಲಿಂದ ತಂಡ ಇಳಿಯಿತು. ಕೊನೆಗೆ ಯುನೈಟೆಡ್ 87 ಪಾಯಿಂಟ್, ನಾವು 83.

ನಾಲ್ಕೇ ಪಾಯಿಂಟ್ ಕಣೋ. ಅದೂ ಸ್ಟೇಡಿಯಂ ಸಾಲ ತಲೆ ಮೇಲಿದ್ದ ವರ್ಷ. ಆ ಒಂದು ಮಧ್ಯಾಹ್ನ ಬೇರೆ ಥರ ಆಗಿದ್ದರೆ ಇವತ್ತು ನೀನು 2006 ಅಂತ ಹೇಳುತ್ತಲೇ ಇರಲಿಲ್ಲ. ಆಮೇಲೆ ಫ್ಲಾಮಿನಿ ಮಿಲಾನ್‌ಗೆ ಪುಕ್ಕಟೆ ಹೋದ, ಹ್ಲೆಬ್ ಬಾರ್ಸಿಲೋನಾಗೆ. 2011ರಲ್ಲಿ ಫ್ಯಾಬ್ರೆಗಾಸ್ ಮತ್ತು ನಸ್ರಿ ಹೋದರು. ಅದೇ ಆಗಸ್ಟಿನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ 8-2 ಸೋಲು. (ಆ ದಿನ ನೀನು ಫೋನ್ ಸ್ವಿಚ್ ಆಫ್ ಮಾಡಿಕೊಂಡಿದ್ದೆ, ನನಗೆ ಮರೆತಿಲ್ಲ.) ಅಂಥ ಸೀಸನ್ನಿನಲ್ಲೂ ಕೊನೆಗೆ ಮೂರನೇ ಸ್ಥಾನ. 2012ರಲ್ಲಿ ವ್ಯಾನ್ ಪರ್ಸಿಯನ್ನು ಯುನೈಟೆಡ್‌ಗೇ ಮಾರಿದರು, ಅವನು ಹೋಗಿ ಅವರಿಗೆ ಲೀಗ್ ಗೆದ್ದುಕೊಟ್ಟ. ಹೊಟ್ಟೆ ಉರಿಯಿತು, ಇಲ್ಲ ಅನ್ನಲ್ಲ. ಆದರೂ ಕೊನೆಯ ದಿನ ನ್ಯೂಕಾಸಲ್‌ನಲ್ಲಿ ಕೊಸಿಯೆಲ್ನಿ ಗೋಲು, ಟಾಟನ್‌ಹ್ಯಾಮ್‌ಗಿಂತ ಒಂದು ಪಾಯಿಂಟ್ ಮುಂದೆ, ನಾಲ್ಕನೇ ಸ್ಥಾನ.

ಮೊದಲ ನಾಲ್ಕರಲ್ಲಿದ್ದರೆ ತಾನೇ ಚಾಂಪಿಯನ್ಸ್ ಲೀಗ್‌ಗೆ ದಾರಿ, ಅದಕ್ಕೆ ನಾಲ್ಕನೇ ಸ್ಥಾನವೂ ಒಂದು ಟ್ರೋಫಿ ಇದ್ದ ಹಾಗೆ ಎಂದು ವೆಂಗರ್ ಅಂದಾಗ ನಾವೆಲ್ಲ ನಕ್ಕೆವು. ಇವತ್ತಿಗೂ ಎದುರಾಳಿ ಅಭಿಮಾನಿಗಳು ಆ ಮಾತು ಹಿಡಿದೇ ಗೇಲಿ ಮಾಡುತ್ತಾರೆ. ಸರಿ, ಅವರು ಹೋದ ಮೇಲೆ ಏನಾಯಿತು ನೋಡು. ಹೊಸ ಮ್ಯಾನೇಜರ್ ಎಮೆರಿ ಬಂದು ಐದನೇ ಸ್ಥಾನ. ಆಮೇಲೆ ಎರಡು ಸಲ ಎಂಟನೇ ಸ್ಥಾನ. ವೆಂಗರ್ ಅವರ ಕೊನೆಯ ಸೀಸನ್ನೂ ಸೇರಿ ಆರು ಸೀಸನ್ ಚಾಂಪಿಯನ್ಸ್ ಲೀಗ್ ಮುಖವನ್ನೇ ಕ್ಲಬ್ ನೋಡಲಿಲ್ಲ. ಅದೂ ದುಡ್ಡು ಸುರಿದ ಮೇಲೆ! ಅವರು 20 ವರ್ಷ ಒಂದು ಸಲವೂ ತಪ್ಪದೆ ಮೊದಲ ನಾಲ್ಕರಲ್ಲಿ ಇಟ್ಟಿದ್ದರು. ಸುಮ್ನೆ ಬರೋ ಸ್ಥಾನ ಅಲ್ಲ ಅದು.

ಈಗ ನಿನಗೆ ಖುಷಿಯಾಗೋ ಭಾಗ. 2013ರ ನಂತರದ ವೆಂಗರ್ ಪರವಾಗಿ ನಾನು ಮಾತಾಡಲ್ಲ. 4 ಕೋಟಿ 25 ಲಕ್ಷ ಪೌಂಡ್ ಕೊಟ್ಟು ಓಜಿಲ್‌ನನ್ನು ತಂದರು, ಮರುವರ್ಷ ಸ್ಯಾಂಚೆಜ್ ಬಂದ. ದುಡ್ಡಿಲ್ಲ ಅನ್ನೋ ನೆಪ ಅಲ್ಲಿಗೆ ಮುಗಿಯಿತು. ಆದರೆ 2013-14ರಲ್ಲಿ ದೊಡ್ಡ ತಂಡಗಳ ಎದುರು ಹೇಗೆ ಸೋತರು ನೋಡು. ಸಿಟಿ ಹತ್ತಿರ 6-3, ಲಿವರ್‌ಪೂಲ್ ಹತ್ತಿರ 5-1, ತಮ್ಮ ಸಾವಿರದನೇ ಪಂದ್ಯದ ದಿನ ಚೆಲ್ಸಿ ಹತ್ತಿರ 6-0. ಮೂರರಲ್ಲೂ ಅದೇ ರೋಗ. ಹುಡುಗರು ಮುಂದೆ ಓಡುತ್ತಾರೆ, ಚೆಂಡು ಹೋದ ತಕ್ಷಣ ಹಿಂದೆ ಬಯಲೋ ಬಯಲು. ನಡುವೆ ನಿಂತು ಎದುರಾಳಿಯನ್ನು ತಡೆಯುತ್ತಿದ್ದ ವಿಯೆರಾ, ಗಿಲ್ಬರ್ಟೊ ಹೋದ ಮೇಲೆ ಆ ಜಾಗಕ್ಕೆ ಸರಿಯಾದ ಒಬ್ಬನನ್ನು ತರಲೇ ಇಲ್ಲ. ನೋಡ್ತಾ ಇದ್ದ ನಮಗೇ ಕಾಣುತ್ತಿತ್ತು, ಅವರಿಗೆ ಕಾಣದೆ ಇರುತ್ತಾ? ಹಟ ಅದು.

ಕ್ಷಮಿಸೋಕೆ ಆಗದೆ ಇರೋದು 2015-16. ಆ ಬೇಸಿಗೆಯಲ್ಲಿ ಮುಖ್ಯ ತಂಡಕ್ಕೆ ಕೊಂಡಿದ್ದು ಒಬ್ಬನನ್ನೇ, ಗೋಲ್‌ಕೀಪರ್ ಚೆಕ್. ಬೇರೆ ಯಾರೂ ಇಲ್ಲ! ಆ ವರ್ಷ ಚೆಲ್ಸಿ ಮಲಗಿತ್ತು, ಯುನೈಟೆಡ್ ಮಲಗಿತ್ತು, ಸಿಟಿ ಗ್ವಾರ್ಡಿಯೊಲಾಗೆ ಕಾಯುತ್ತಾ ಕೂತಿತ್ತು. ಫೆಬ್ರವರಿಯಲ್ಲಿ ವೆಲ್ಬೆಕ್ ಕೊನೇ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ಮೊದಲ ಸ್ಥಾನದಲ್ಲಿದ್ದ ಪುಟ್ಟ ಕ್ಲಬ್ ಲೆಸ್ಟರ್ ಮೇಲೆ 2-1 ಗೆದ್ದಾಗ ಅಂತರ ಎರಡೇ ಪಾಯಿಂಟ್. ಆಮೇಲೆ ಯುನೈಟೆಡ್ ಹತ್ತಿರ ಸೋಲು, ಮನೆಯಂಗಳದಲ್ಲೇ ಸ್ವಾನ್ಸಿ ಹತ್ತಿರ ಸೋಲು. ಲೆಸ್ಟರ್ 81, ಆರ್ಸೆನಲ್ 71. ದುಡ್ಡಿಲ್ಲದಾಗ ನಾಲ್ಕು ಪಾಯಿಂಟ್ ಹಿಂದೆ ಇದ್ದವರು ದುಡ್ಡಿದ್ದಾಗ ಲೆಸ್ಟರ್‌ಗಿಂತ ಹತ್ತು ಪಾಯಿಂಟ್ ಹಿಂದೆ. ಬಿಡಬೇಕಾದ ವರ್ಷ ಯಾವುದು ಅಂತ ನನ್ನನ್ನು ಕೇಳಿದರೆ 2014ರ ಮೇ. ಎಫ್‌ಎ ಕಪ್ ಫೈನಲ್‌ನಲ್ಲಿ ಹಲ್ ಸಿಟಿ ಎದುರು ಎರಡು ಗೋಲು ಹಿಂದಿದ್ದು 3-2 ಗೆದ್ದು ಒಂಬತ್ತು ವರ್ಷದ ಟ್ರೋಫಿ ಬರ ಮುಗಿಸಿದರಲ್ಲ, ಆ ಸಂಜೆ. ನಿನ್ನ 2006 ಅಲ್ಲ. ಹೌದು, ಆಮೇಲೂ 2015, 2017ರಲ್ಲಿ ಎಫ್‌ಎ ಕಪ್ ಬಂತು, ಒಟ್ಟು ಏಳು. ಅದನ್ನು ಕಳೆದುಕೊಳ್ಳೋಕೂ ನಾನು ತಯಾರು.

ಅಭಿಮಾನಿಗಳ ಸಿಟ್ಟಿನ ಬಗ್ಗೆ ಒಂದು ಮಾತು. ಸ್ಟೋಕ್‌ನಲ್ಲಿ 3-2 ಸೋತ ದಿನ ರೈಲು ಹತ್ತುವಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆ ವಯಸ್ಸಾದ ಮನುಷ್ಯನಿಗೆ ಕೂಗಿ ಬೈದರು. ವಿಡಿಯೋ ನೋಡಿದಾಗ ನಾಚಿಕೆಯಾಯಿತು. 2017ರಲ್ಲಿ ವೆಸ್ಟ್ ಬ್ರಾಮ್ ಪಂದ್ಯದ ಹೊತ್ತಿಗೆ ಒಂದು ಗುಂಪು ವಿಮಾನ ಬಾಡಿಗೆಗೆ ತಗೊಂಡು ವೆಂಗರ್ ಹೊರಗೆ ಹೋಗಲಿ ಅಂತ ಬ್ಯಾನರ್ ಹಾರಿಸಿತು. ಇನ್ನೊಂದು ಗುಂಪು ಅವರ ಮೇಲೆ ನಂಬಿಕೆಯಿದೆ ಅಂತ ಇನ್ನೊಂದು ವಿಮಾನ ಹಾರಿಸಿತು! ಕೆಳಗೆ ತಂಡ 3-1 ಸೋಲುತ್ತಿತ್ತು. ಇದಕ್ಕಿಂತ ಆರ್ಸೆನಲ್ ಆರ್ಸೆನಲ್ ಆಗಿರೋಕೆ ಸಾಧ್ಯವಿಲ್ಲ. ಆದರೂ ಬೈದವರೆಲ್ಲ ಕೃತಘ್ನರು ಅಂತ ನಾನು ಹೇಳಲ್ಲ. ಅಲ್ಲಿನ ದುಬಾರಿ ಸೀಸನ್ ಟಿಕೆಟ್ 2 ಸಾವಿರ ಪೌಂಡ್ ದಾಟಿತ್ತು. ಸ್ಟೇಡಿಯಂ ಸಾಲ ತೀರಿಸಿದ್ದು ಅವರ ಜೇಬಿನಿಂದಲೇ. ತೀರಿಸುತ್ತಾ ಬಂದ ಮೇಲೆ ಇನ್ನು ಗೆಲ್ಲಿಸಿ ಅಂತ ಕೇಳೋದು ಅವರ ಹಕ್ಕು. ಬೆಂಗಳೂರಲ್ಲಿ ಕೇಬಲ್ ದುಡ್ಡು ಕಟ್ಟಿ, ರಾತ್ರಿ ಒಂದೂಕಾಲಿಗೆ ಅಲಾರಂ ಇಟ್ಟು ನೋಡಿದ ನನಗೂ ನಿನಗೂ ಅಷ್ಟು ಜೋರು ಬೇಡ ಅಲ್ವಾ?

ಪ್ರತಿಮೆ ವಿಷಯಕ್ಕೂ ನೀನು ಮೂಗು ಮುರಿದೆ. 2023ರಲ್ಲಿ ಆ ಹೊಸ ಸ್ಟೇಡಿಯಂ ಎಮಿರೇಟ್ಸ್ ಹೊರಗೆ ನಿಲ್ಲಿಸಿದ್ದಾರೆ, ಲೀಗ್ ಟ್ರೋಫಿಯನ್ನು ತಲೆ ಮೇಲೆ ಎತ್ತಿ ಹಿಡಿದಿರುವ ವೆಂಗರ್. ನನಗೂ ಅದು ಪೂರ್ತಿ ಹಿಡಿಸಲಿಲ್ಲ, ಕಾರಣ ಮಾತ್ರ ಬೇರೆ. ಆ ಸ್ಟೇಡಿಯಂನಲ್ಲಿ ಅವರು ಒಮ್ಮೆಯೂ ಲೀಗ್ ಗೆದ್ದಿಲ್ಲ. ಆ ಕಟ್ಟಡಕ್ಕೆ ಸರಿಹೊಂದೋದು ಮಂಡಿವರೆಗಿನ ಆ ಉದ್ದ ಕೋಟಿನ ಜಿಪ್ ಸಿಕ್ಕದೆ ಟಚ್‌ಲೈನ್ ಪಕ್ಕ ಒದ್ದಾಡುತ್ತಿದ್ದ ಮನುಷ್ಯ. ಕಂತು ಕಟ್ಟಿದವರು ಅವರೇ.

ಇನ್ನು ಅರ್ಟೇಟಾ ಮ್ಯಾನೇಜರ್ ಆಗಿ ಬಂದು ವೆಂಗರ್ ಹೆಸರನ್ನು ಮರೆಸಿಬಿಟ್ಟ ಅಂದೆ. 8-2 ಆದ ಮೂರು ದಿನಕ್ಕೆ, ಆಟಗಾರರನ್ನು ಕೊಳ್ಳೋ ಕಡೇ ದಿನ ಗಡಿಬಿಡಿಯಲ್ಲಿ ಅರ್ಟೇಟಾನನ್ನು ಆಟಗಾರನಾಗಿ ತಂದದ್ದು ಯಾರು, ಕ್ಯಾಪ್ಟನ್ ಮಾಡಿದ್ದು ಯಾರು? ಬೇಗ ಬೇಗ ನಿನ್ನ ವಾದಕ್ಕೆ ನೀನೇ ಅಡ್ಡ ಬರಬೇಡ.

ಉತ್ತರ ಬರಿ. ಒಂದೇ ಪ್ರಶ್ನೆ. 2006ರಲ್ಲಿ ವೆಂಗರ್ ಹೋಗಿದ್ದರೆ, ಕೊಳ್ಳೋಕೆ ದುಡ್ಡಿಲ್ಲದ, ವರ್ಷಕ್ಕೊಬ್ಬ ಸ್ಟಾರ್ ಆಟಗಾರನನ್ನು ಮಾರಲೇಬೇಕಾದ ಆ ಕ್ಲಬ್ಬಿಗೆ ನೀನು ಯಾರನ್ನು ತರುತ್ತಿದ್ದೆ? ಹೆಸರು ಹೇಳು. ಆಗ ಚೆಲ್ಸಿಯ ಮ್ಯಾನೇಜರ್ ಆಗಿದ್ದ ಮೊರಿನ್ಯೊ ಅಂತ ಬರೆದರೆ ಪತ್ರ ಹರಿದು ಹಾಕುತ್ತೇನೆ.

ನಿನ್ನ,
ಸುರೇಶ