ಹವಾಮಾನ ಯೋಜನೆ ನಾಲೆಯ ಗೇಜಿನಿಂದ ಶುರುವಾಗಲಿ

ಮಾನ್ಯರೆ,

ಹವಾಮಾನ ಬದಲಾವಣೆ ಎದುರಿಸಲು ಕೇಂದ್ರ 2008ರಲ್ಲೇ ಕ್ರಿಯಾಯೋಜನೆ ತಂದಿತು. ಬಳಿಕ ರಾಜ್ಯವೂ ತನ್ನದನ್ನು ರೂಪಿಸಿತು. ಈಗ ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಒಟ್ಟಾಗಿ ಒಂದು ಯೋಜನೆ ಬೇಕು. ನಾಲ್ಕೂ ತುಂಗಭದ್ರೆಯ ನೀರನ್ನು ನೆಚ್ಚಿಕೊಂಡಿವೆ. ಜಿಲ್ಲೆಗೊಂದು ಕಡತ ಮಾಡಿದರೆ ನಾಲೆ ಗಡಿ ದಾಟುವ ಜಾಗದಲ್ಲೇ ಯೋಜನೆ ಮುರಿದುಬೀಳುತ್ತದೆ.

ಮೊದಲ ಕೆಲಸ ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಲೆಕ್ಕ. ಶಕ್ತಿನಗರ 1,720, ಕುಡಿತಿನಿ 1,700, ಯರಮರಸ್ 1,600 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರಗಳು ಇಲ್ಲಿವೆ, ಜೊತೆಗೆ ಉಕ್ಕಿನ ಕುಲುಮೆಗಳು. ಇವುಗಳ ಹೊಗೆಯನ್ನು ಎಣಿಸಲೇಬೇಕು, ಆದರೆ ಪ್ರತ್ಯೇಕ ಪಟ್ಟಿಯಲ್ಲಿ. ಇವುಗಳ ಬಗ್ಗೆ ತೀರ್ಮಾನ ಆಗುವುದು ಬೆಂಗಳೂರು, ದೆಹಲಿಯಲ್ಲಿ. ಎಲ್ಲವನ್ನೂ ಬೆರೆಸಿದರೆ ಉಳಿದ ಬಾಬ್ತುಗಳು ಕಣ್ಣಿಗೇ ಬೀಳುವುದಿಲ್ಲ. ‘ನಮ್ಮ ಕೈಲಿಲ್ಲ’ ಎಂದು ಕಡತ ಮುಚ್ಚುವುದು ಸುಲಭವಾಗುತ್ತದೆ.

ನಮ್ಮ ಕೈಲಿರುವುದು ನೀರು ಮತ್ತು ಭತ್ತ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೂಲತಃ ಸುಮಾರು 133 ಟಿಎಂಸಿ ಅಡಿ; ಹೂಳು ತುಂಬಿ 105.8ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಉಸಿರು ಬಿಗಿಹಿಡಿದಿತ್ತು. ನಿಂತ ನೀರಿನ ಗದ್ದೆಯಿಂದ ಹೊಮ್ಮುವ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಗದ್ದೆಯನ್ನು ಸರದಿಯಂತೆ ಒಣಗಿಸಿ ನೀರು ಕಟ್ಟಿದರೆ ನೀರೂ ಉಳಿಯುತ್ತದೆ, ಮೀಥೇನೂ ತಗ್ಗುತ್ತದೆ.

ವಿಧಾನ ಸರಳ. 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ಕೆಳ ಅರ್ಧಕ್ಕೆ ತೂತು ಕೊರೆದು, ಆ ಭಾಗವನ್ನು ಗದ್ದೆಯಲ್ಲಿ ಹೂತು ಒಳಗಿನ ಕೆಸರು ತೆಗೆಯಬೇಕು. ನಾಟಿಯಾದ ಎರಡು–ಮೂರು ವಾರಗಳ ನಂತರ, ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಹೋದಾಗ ಮಾತ್ರ 5 ಸೆಂ.ಮೀ. ನೀರು ಕಟ್ಟಬೇಕು. ಹೂ ಬಿಡುವ ಹಿಂದಿನ ಮತ್ತು ಮುಂದಿನ ಒಂದು ವಾರ ಗದ್ದೆ ಒಣಗಕೂಡದು. ಎರೆಭೂಮಿಯಲ್ಲಿ ವಿಶೇಷ ಎಚ್ಚರ ಬೇಕು: ಬಿರುಕು ಬಿಡುವಷ್ಟು ಒಣಗಿದರೆ ಮುಂದಿನ ನೀರೆಲ್ಲ ಬಿರುಕಿಗೆ ಇಳಿದು ಉಳಿತಾಯ ಸೊನ್ನೆಯಾಗುತ್ತದೆ. ಸವಳು ನೆಲದಲ್ಲಿ ಒಣಗಿಸಿದರೆ ಉಪ್ಪು ಮೇಲೇಳುತ್ತದೆ. ಅಲ್ಲಿ ಈ ಪದ್ಧತಿ ಬೇಡವೇ ಬೇಡ. ಯೂರಿಯಾ ಎರಚಿ ಒಣಗಲು ಬಿಟ್ಟರೆ ಶಾಖ ಹಿಡಿಯುವ ಇನ್ನೊಂದು ಅನಿಲವಾದ ನೈಟ್ರಸ್ ಆಕ್ಸೈಡ್ ಹೆಚ್ಚಿ ಲಾಭದ ಒಂದು ಪಾಲು ಹೋಗುತ್ತದೆ; ನೀರು ಕಟ್ಟುವ ಸ್ವಲ್ಪ ಮುಂಚೆ ಹಾಕಬೇಕು.

ಇಷ್ಟೆಲ್ಲ ತಿಳಿದೂ ರೈತರು ಗದ್ದೆ ತುಂಬಿಸಿಕೊಳ್ಳುತ್ತಾರೆ, ಮತ್ತು ಅವರು ಮಾಡುವುದು ಸರಿಯೇ. ನಾಲೆ ನೀರಿನ ಮುಂದಿನ ಸರದಿ ಯಾವತ್ತು ಬರುತ್ತದೆಂಬ ಖಾತರಿ ಇಲ್ಲದಾಗ ಕಂಡ ನೀರನ್ನು ಬಿಡುವವರು ಯಾರು? ನಾಲೆಯ ಮೇಲ್ಭಾಗದಲ್ಲಿ ಅನುಮತಿ ಇಲ್ಲದ ಕಡೆಯೂ ಭತ್ತ ನಿಂತಿದೆ. ಮಾನ್ವಿ, ಸಿರವಾರದ ಕೊನೆ ಭಾಗಕ್ಕೆ ನೀರು ತಲುಪುವುದೇ ಕಷ್ಟ. ಆದ್ದರಿಂದ ಯೋಜನೆಯ ಮೊದಲ ಪುಟದಲ್ಲಿರಬೇಕಾದದ್ದು ಸಸಿ ನೆಡುವ ಗುರಿಯಲ್ಲ, ಎಡದಂಡೆ ನಾಲೆಯ ವೇಳಾಪಟ್ಟಿ. 69 ಮತ್ತು 104ನೇ ಮೈಲಿನ ಗೇಜ್ (ನೀರಿನ ಮಟ್ಟದ ಅಳತೆ), ಪ್ರತಿ ಉಪಕಾಲುವೆಯ ಗೇಜ್ ದಿನವೂ ಬೆಳಿಗ್ಗೆ ಬಹಿರಂಗವಾಗಲಿ. ಸರದಿಯ ದಿನಾಂಕಗಳನ್ನು ಸಸಿಮಡಿಗೆ ಬೀಜ ಚೆಲ್ಲುವ ಮೊದಲೇ ಪ್ರಕಟಿಸಲಿ. ಕೊನೆ ಭಾಗಕ್ಕೆ ಕೂರಿಗೆ ಭತ್ತ (ನಾಟಿ ಮಾಡದೆ ನೇರ ಬಿತ್ತುವುದು), ಜೋಳ, ತೊಗರಿ ಸೂಚಿಸುವುದಾದರೆ ಕಳೆನಾಶಕದ ಸಲಹೆ ಮತ್ತು ಖರೀದಿ ಕೇಂದ್ರ ಎರಡೂ ಜೊತೆಗಿರಲಿ. ಕಳೆ ಮೀರಿದರೆ ಕೂರಿಗೆ ಭತ್ತ ಬೆಳೆದವರು ಮರುವರ್ಷ ನಾಟಿಗೇ ಮರಳುತ್ತಾರೆ.

ಇನ್ನು ಬಿಸಿಲು. ಬಯಲು ಪ್ರದೇಶದಲ್ಲಿ 40 ಡಿಗ್ರಿ ದಾಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಹವಾಮಾನ ಇಲಾಖೆ ಶಾಖದ ಅಲೆ ಎನ್ನುತ್ತದೆ. ರಾಯಚೂರಿನಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43ರಲ್ಲಿ ಜನ ಬೆಂದರೂ ಘೋಷಣೆ ಬರುವುದಿಲ್ಲ. ರಾತ್ರಿಯ ಸೆಕೆ, ಗಾಳಿಯ ತೇವಾಂಶವನ್ನೂ ಸೇರಿಸಿ ನಮ್ಮದೇ ಮಿತಿ ನಿಗದಿಯಾಗಬೇಕು. ಬೇಸಿಗೆಯಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಎಪಿಎಂಸಿ ಹಮಾಲರಿಗೆ, ಇಟ್ಟಿಗೆ ಭಟ್ಟಿಯವರಿಗೆ ಅದೇ ನ್ಯಾಯ ಏಕಿಲ್ಲ? ಹೋಬಳಿ ಮಟ್ಟದ ಹವಾಮಾನ ಮಾಪನ ಕೇಂದ್ರಗಳ ಮಾಹಿತಿ ಹೇಗೂ ಇದೆ; ಮಿತಿ ದಾಟಿದ ದಿನ 12ರಿಂದ 4ರವರೆಗೆ ಮೂಟೆ ಹೊರುವ ಕೆಲಸ ನಿಲ್ಲಿಸಿ, ನೆರಳು, ನೀರು, ಒಆರ್‌ಎಸ್ ಒದಗಿಸುವ ಆದೇಶ ತಂತಾನೇ ಜಾರಿಯಾಗಲಿ.

ನಾಲ್ಕು ಜಿಲ್ಲೆಗಳನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಕಲಬುರಗಿಯ ಪ್ರಾದೇಶಿಕ ಆಯುಕ್ತರಿಗಿದೆ. ಹಣಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಮುಂಗಾರಿಗೆ ನೀರು ಬಿಡುವ ಮುನ್ನ ಸೇರುವ ನೀರಾವರಿ ಸಲಹಾ ಸಮಿತಿಯು ಮೇಲ್ಭಾಗದ ಒಂದು, ಕೊನೆ ಭಾಗದ ಒಂದು ಉಪಕಾಲುವೆಯನ್ನು ಆರಿಸಿ, ಖಚಿತ ಸರದಿಯ ಪ್ರಯೋಗವನ್ನು ಇದೇ ಹಂಗಾಮಿನಲ್ಲಿ ಆರಂಭಿಸಲಿ.

– ನಿವೃತ್ತ ಕೃಷಿ ಅಧಿಕಾರಿ, ಸಿಂಧನೂರು