ಡಬ್ಬಿಯ ಹಣಕ್ಕೂ ಲೆಕ್ಕ ಬೇಕು
ಮಾನ್ಯರೇ,

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವ್ಯಾಜ್ಯ ಎಳೆದಷ್ಟೂ, ಅಲ್ಲಿನ ವ್ಯಾಪಾರಿಗಳ ನೆರವಿಗೆಂದು ಎತ್ತುವ ದೇಣಿಗೆಯ ಮೇಲಿನ ನಂಬಿಕೆಯೂ ಸವೆಯುತ್ತದೆ. 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ, ಹೂವಿನ ಸಾಲಿನ ಬಳಿ ಹಿಡಿದಿದ್ದ ಡಬ್ಬಿಗೆ ನಾನೂ ಐನೂರು ರೂಪಾಯಿ ಹಾಕಿದ್ದೆ; ರಸೀದಿ ಕೇಳಿದ್ದಕ್ಕೆ ‘ನಂಬಿಕೆ ಇಲ್ವಾ ಸಾರ್?’ ಎಂಬ ಉತ್ತರ ಬಂತು. ಆ ಹಣ ಯಾವ ಅಂಗಡಿಯವರ ಕೈ ಸೇರಿತೆಂದು ಇಂದಿಗೂ ತಿಳಿಯದು. ಕೊಡುವವರು ಕೈ ಹಿಂದೆಗೆಯುವಂತಾದರೆ ನಷ್ಟ ನಿಜವಾಗಿ ಬೀದಿಗೆ ಬಿದ್ದವರಿಗೇ. ಆದ್ದರಿಂದ ಇಂಥ ಸಂಗ್ರಹಕ್ಕೆ ಕ್ರಮಸಂಖ್ಯೆಯುಳ್ಳ ರಸೀದಿಯನ್ನು ಪಾಲಿಕೆ ಕಡ್ಡಾಯಗೊಳಿಸಿ, ಜಮೆ-ಖರ್ಚಿನ ಪಟ್ಟಿಯನ್ನು ಮಾರುಕಟ್ಟೆ ಪಕ್ಕದ ಚಿಕ್ಕ ಗಡಿಯಾರ ಗೋಪುರದ ಬಳಿ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿಸಲಿ.

– ಹಿರಿಯ ನಾಗರಿಕ, ಸರಸ್ವತಿಪುರಂ, ಮೈಸೂರು